ಆತ್ಮಹತ್ಯೆ ತಡೆಯ ಅಧ್ಯಯನ: ಪೊಲೀಸ್ ದಾಖಲೆಯೋ, ಮನೆಮನೆ ಸಮೀಕ್ಷೆಯೋ?

ಅಧ್ಯಯನ ಆರಂಭಿಸುವವರು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯನ್ನು ಆಧರಿಸಬೇಕೇ, ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನೇ ಎಂದು ಕೇಳುತ್ತಾರೆ. ಉಚಿತವಾಗಿ ದೊರೆಯುವ ಬ್ಯೂರೋ ವರದಿಯು ಮಕ್ಕಳಿಂದ ವೃದ್ಧರವರೆಗಿನ ಸಾವುಗಳನ್ನು ವಯೋಗುಂಪುವಾರು ದಾಖಲಿಸುವುದರಿಂದ, ವರ್ಷಗಳ ಏರಿಳಿತ ಮತ್ತು ರಾಜ್ಯಗಳ ಹೋಲಿಕೆಗೆ ಅದು ಸೂಕ್ತ. ಆದರೆ ಅದು ಪೊಲೀಸರಿಗೆ ತಿಳಿದ ಸಾವುಗಳ ಲೆಕ್ಕವಷ್ಟೆ. ಕಳಂಕಕ್ಕೆ ಅಂಜಿ ಕುಟುಂಬಗಳು ಮುಚ್ಚಿಟ್ಟದ್ದು ಅಲ್ಲಿಲ್ಲ, ಪ್ರಯತ್ನಿಸಿ ಬದುಕುಳಿದವರ ಸಂಕಟವೂ ಇಲ್ಲ. ಸಾವಿಗೆ ಮುನ್ನವೇ ನೆರವು ತಲುಪಬೇಕೆನ್ನುವವರಿಗೆ ಇದು ಸಣ್ಣ ಕೊರತೆಯಲ್ಲ. ಮುಖಾಮುಖಿ ಸಂದರ್ಶನಗಳ ಸಮೀಕ್ಷೆ ಬದುಕಿರುವವರಲ್ಲಿನ ಅಪಾಯವನ್ನೂ ಚಿಕಿತ್ಸೆಯ ಅಭಾವವನ್ನೂ ಅಳೆಯುತ್ತದೆ, ಹಾಗಾಗಿ ಸೇವೆ ರೂಪಿಸುವವರು ಅದನ್ನೇ ಹಿಡಿಯಲಿ. ಅದು ನಡೆದದ್ದು 12 ರಾಜ್ಯಗಳಲ್ಲಿ ಮಾತ್ರ, ಕರ್ನಾಟಕ ಅವುಗಳಲ್ಲಿರಲಿಲ್ಲ. ಮುಖ್ಯ ಮಾದರಿಯೂ ವಯಸ್ಕರದ್ದಾದ್ದರಿಂದ, ಹದಿಹರೆಯದವರ ಅಧ್ಯಯನಕ್ಕೆ ಸಮ್ಮತಿಸಹಿತ ಪ್ರತ್ಯೇಕ ಸಂದರ್ಶನಗಳು ಬೇಕೇ ಬೇಕು.