ಗಡಸು ಡೋವೆಲ್ ಪಿನ್ ಕತ್ತರಿಸಲು ಯಾವುದು ಸರಿ: ಕಟಿಂಗ್ ವೀಲ್, ಲೇತ್, ವೈರ್ ಕಟ್?

ಪೀಣ್ಯದ ನಮ್ಮ ಚಿಕ್ಕ ಶಾಪಿಗೆ ಒಂದು ಡೈ ಕೆಲಸ ಬಂದಿತ್ತು. 12 ಎಂಎಂ ದಪ್ಪದ 16 ಡೋವೆಲ್ ಪಿನ್ (ಡೈ ಪ್ಲೇಟುಗಳನ್ನು ಜಾಗ ತಪ್ಪದಂತೆ ಕೂರಿಸುವ ಗಡಸು ಸ್ಟೀಲ್ ಕಡ್ಡಿ) ಬೇಕು, ಉದ್ದ 52 ಎಂಎಂ. ಅಂಗಡಿಯಲ್ಲಿ ಸಿಕ್ಕಿದ್ದು 60 ಎಂಎಂನವು. ಎಂಟು ಎಂಎಂ ತೆಗೆದರೆ ಮುಗಿಯಿತು ಎನ್ನುವಂತಿಲ್ಲ, ಗಡಸು ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ ಪಿನ್ನಿನದು 60. ಹ್ಯಾಕ್ಸಾ ಇಟ್ಟರೆ ಬ್ಲೇಡಿನ ಹಲ್ಲು ನುಣ್ಣಗಾಗುತ್ತದೆ ಅಷ್ಟೆ. ಪರೀಕ್ಷೆಗೂ ಸೇರಿಸಿ 20 ಪಿನ್ ತಂದೆ.

ಮೊದಲು ಕೈ ಗ್ರೈಂಡರಿಗೆ 1 ಎಂಎಂ ಕಟಿಂಗ್ ವೀಲ್ ಹಾಕಿದೆ. ನಿಮಿಷದೊಳಗೆ ತುಂಡಾಯಿತು. ಆದರೆ ಕತ್ತರಿಸಿದ ಅಂಚಿನ ಸುತ್ತ ಒಣ ಹುಲ್ಲಿನ ಹಳದಿ ಬಣ್ಣ, ನೇರಳೆ, ತುದಿಗೆ ಅಚ್ಚ ನೀಲಿ. ಈ ಜಾತಿಯ ಸ್ಟೀಲನ್ನು ಹಾರ್ಡನ್ ಮಾಡಿದ ಮೇಲೆ ಸಾಮಾನ್ಯವಾಗಿ 150ರಿಂದ 200 ಡಿಗ್ರಿಯಲ್ಲಿ ಟೆಂಪರ್ ಮಾಡಿರುತ್ತಾರೆ, ಅಂದರೆ ಪೆಡಸು ಕಡಿಮೆಯಾಗಲು ಮತ್ತೆ ಹದವಾಗಿ ಕಾಯಿಸಿರುತ್ತಾರೆ. ನೀಲಿ ಬಂತೆಂದರೆ ಅಲ್ಲಿ 300 ಡಿಗ್ರಿ ಹತ್ತಿರ ಕಾದಿದೆ, ಗಡಸು ಇಳಿದಿದೆ. ಅರ ಎಳೆದು ನೋಡಿದೆ: ಪಿನ್ನಿನ ನಡುವೆ ಗಾಜಿನ ಮೇಲೆ ಎಳೆದ ಹಾಗೆ ಜಾರಿತು, ನೀಲಿ ಇದ್ದ ಕಡೆ ಕಚ್ಚಿ ಪುಡಿ ಉದುರಿಸಿತು. ಎರಡು ಎಂಎಂ ಉದ್ದ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಕೂಲೆಂಟಿನಲ್ಲಿ (ತಂಪು ಮಾಡುವ ದ್ರವ) ಗ್ರೈಂಡ್ ಮಾಡುವುದಾದರೆ ಮಾತ್ರ ಇದು ಸರಿ.

ಲೇತಿನಲ್ಲಿ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್, ಬಹಳ ಗಡಸು ವಸ್ತು) ಟೂಲ್ ಹಾಕಿದ್ದು ನನ್ನ ತಪ್ಪು ಲೆಕ್ಕ. 12 ಎಂಎಂ ಪಿನ್ನಿಗೆ ನಿಮಿಷಕ್ಕೆ 120 ಮೀಟರ್ ವೇಗ ಬೇಕೆಂದರೆ ಸ್ಪಿಂಡಲ್ 3,180 ಸುತ್ತು ತಿರುಗಬೇಕು. ನಮ್ಮ ಹಳೇ ಗೇರ್ ಲೇತ್ 1,200ಕ್ಕೆ ನಿಲ್ಲುತ್ತದೆ. ಸೆಂಟರ್ ಹತ್ತಿರ ಬರುತ್ತಾ ವೇಗ ಸೊನ್ನೆಯಾಯಿತು, ಟೂಲಿನ ಮೂಲೆ ಉದುರಿತು. ದಪ್ಪ ಶಾಫ್ಟಿನ ಹೊರಮೈ ತಿರುವಲು ಸಿಬಿಎನ್ ಬಲು ಒಳ್ಳೆಯದು, ಪಿನ್ ಕತ್ತರಿಸಲು ಅಲ್ಲ.

ಮೂರನೆಯದು ಸರ್ಫೇಸ್ ಗ್ರೈಂಡರ್. ತೆಳ್ಳನೆ ಕಟ್-ಆಫ್ ವೀಲ್, ವಿ ಬ್ಲಾಕಿನಲ್ಲಿ (ವಿ ಆಕಾರದ ಕಚ್ಚಿರುವ ಬ್ಲಾಕ್) ಬಿಗಿಯಾಗಿ ಹಿಡಿದ ಪಿನ್, ಕೂಲೆಂಟ್ ನೇರ ಕತ್ತರಿಸುವ ಜಾಗಕ್ಕೇ ಬೀಳುವಂತೆ ನಳಿಕೆ. ಸ್ವಲ್ಪಸ್ವಲ್ಪವೇ ಇಳಿಸಬೇಕು, ಆತುರ ಮಾಡಿದರೆ ವೀಲ್ ಬಾಗಿ ಒಡೆಯುತ್ತದೆ, ಗಾರ್ಡ್ ತೆಗೆಯಲೇಬಾರದು. ಬಣ್ಣ ಇಲ್ಲ, ಅರ ಎಲ್ಲಿ ಎಳೆದರೂ ಜಾರಿತು. ಒಂದು ಪಿನ್ನಿಗೆ ಹಿಡಿಯುವುದೂ ಸೇರಿ ಹತ್ತು ನಿಮಿಷ. ಎರಡು ಮೂರು ಪಿನ್ ಇದ್ದರೆ ನಾನು ಇದನ್ನೇ ಮಾಡುತ್ತೇನೆ.

ಉಳಿದವನ್ನು ಪಕ್ಕದ ಬೀದಿಯ ವೈರ್ ಕಟ್ (ತೆಳ್ಳನೆ ತಂತಿಯ ಕರೆಂಟ್ ಸ್ಪಾರ್ಕಿನಿಂದ ಲೋಹ ಕತ್ತರಿಸುವ ಮೆಷಿನ್) ಶಾಪಿಗೆ ಕೊಟ್ಟೆ. ವೈರಿಗೆ ಗಡಸು ಲೆಕ್ಕಕ್ಕೇ ಇಲ್ಲ, ಕರೆಂಟ್ ಹರಿದರೆ ಸಾಕು. ನಾಲ್ಕು ಪಿನ್ ಒಂದರ ಮೇಲೊಂದು ಮಲಗಿಸಿ ಒಂದೇ ಪಾಸಿನಲ್ಲಿ ಕತ್ತರಿಸಿದರು. ಮೈಕ್ರೋಮೀಟರಿನಲ್ಲಿ ಎಲ್ಲದರ ಉದ್ದವೂ 0.02 ಎಂಎಂ ಒಳಗೆ ಸಮ. ಕೊಡುವ ಮುಂಚೆ ಪಿನ್ನಿನ ಎಣ್ಣೆ ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ಕಾಂಟ್ಯಾಕ್ಟ್ ಸಿಗದೆ ಸ್ಪಾರ್ಕ್ ತಡೆಯುತ್ತದೆ. ಚದರ ಎಂಎಂ ಲೆಕ್ಕದಲ್ಲಿ ದುಡ್ಡು, ಪಿನ್ನಿಗೆ 113 ಚದರ ಎಂಎಂ. ನಮ್ಮ ಗ್ರೈಂಡರ್ ಹುಡುಗನ ಅರ್ಧ ದಿನ ಉಳಿದದ್ದು ನೋಡಿದರೆ ಅದು ಜಾಸ್ತಿಯಲ್ಲ. ಕತ್ತರಿಸಿದ ಮುಖಕ್ಕೆ ಆಯಿಲ್ ಸ್ಟೋನ್ ಆಡಿಸಿ ಚೂಪು ಅಂಚು ಮುರಿದೆ. ಚೇಂಫರ್ (ಓರೆ ಮಾಡಿದ ಅಂಚು) ಇರುವ ತುದಿಯನ್ನು ಮುಟ್ಟದೆ ಹಿಂದಿನ ತುದಿಯನ್ನೇ ಕತ್ತರಿಸಲು ಹೇಳಿದ್ದರಿಂದ, ಪ್ಲೇಟಿನೊಳಗೆ ಪಿನ್ನುಗಳೆಲ್ಲ ನೇರವಾಗಿ ಕೂತವು.