ಸ್ವಂತ ಎಸ್‌ಎಸ್‌ಎಚ್ ಕ್ಲೈಂಟ್ ಬರೆಯಲು ಯಾವ ಲೈಬ್ರರಿ? ಐದನ್ನು ಒಂದೇ ಪರೀಕ್ಷೆಗೆ ಒಡ್ಡಿ ನೋಡಿದಾಗ

ಎಸ್‌ಎಸ್‌ಎಚ್ ಎಂದರೆ ದೂರದ ಯಂತ್ರದೊಂದಿಗೆ ಎನ್‌ಕ್ರಿಪ್ಟ್ ಮಾಡಿ ಮಾತಾಡುವ ನಿಯಮಾವಳಿ. ಅದರ ಮೂಲಕ ದೂರದ ಯಂತ್ರಕ್ಕೆ ಟರ್ಮಿನಲ್ ತೆರೆಯುವ ಕಮಾಂಡ್ ಲೈನ್ ಪ್ರೋಗ್ರಾಂ ಬರೆಯಹೊರಟವರು ಮೊದಲು ವಿಚಾರಿಸುವುದು ಎನ್‌ಕ್ರಿಪ್ಶನ್ ಬಗ್ಗೆ. ಅದು ತಲೆನೋವಿನ ಜಾಗವೇ ಅಲ್ಲ. 2006ರ ಜನವರಿಯಲ್ಲಿ ಬಂದ ಎಸ್‌ಎಸ್‌ಎಚ್‌ನ ನಿಯಮಗಳಿರುವ ಆರ್‌ಎಫ್‌ಸಿ 4251ರಿಂದ 4254ರವರೆಗಿನ ದಾಖಲೆಗಳನ್ನು ಇಲ್ಲಿನ ಎಲ್ಲ ಲೈಬ್ರರಿಗಳೂ ಪಾಲಿಸುತ್ತವೆ. ಕೈಕೊಡುವುದೆಲ್ಲ ಅಂಚಿನಲ್ಲಿ: ಟರ್ಮಿನಲ್, ಹೋಸ್ಟ್ ಕೀ (ಸರ್ವರ್‌ನ ಗುರುತಿನ ಕೀಲಿ), ಬಳಕೆದಾರ ವರ್ಷಗಳಿಂದ ಕೂಡಿಟ್ಟ ಕಾನ್ಫಿಗ್ ಕಡತ. ಹಾಗಾಗಿ ಪರೀಕ್ಷೆಗಳೂ ಅಂಥವೇ. ವಿಮ್ ಎಡಿಟರ್ ತೆರೆದು ವಿಂಡೋ ಹಿಗ್ಗಿಸುವುದು, ಕಂಟ್ರೋಲ್-ಸಿ ಆ ಕಡೆಗೆ ಮುಟ್ಟುತ್ತದೆಯೇ ನೋಡುವುದು, ಸರ್ವರ್‌ನ ಕೀ ಬದಲಿಸಿ ಸಂಪರ್ಕ ನಿಲ್ಲುತ್ತದೆಯೇ ಎಂದು ನೋಡುವುದು, ನಡುವೆ ಒಂದು ಜಂಪ್ ಹೋಸ್ಟ್ (ಗುರಿ ಯಂತ್ರಕ್ಕೆ ದಾಟಿಸುವ ಮಧ್ಯದ ಯಂತ್ರ) ಇಡುವುದು, ಕೊನೆಗೆ ಕೇಬಲ್ ಕಿತ್ತುಬಿಡುವುದು.

ಓಪನ್‌ಎಸ್‌ಎಸ್‌ಎಚ್ ಅನ್ನೇ ಒಳಗಿಟ್ಟುಕೊಳ್ಳುವುದು

ಓಪನ್‌ಎಸ್‌ಎಸ್‌ಎಚ್‌ನ ಸಿದ್ಧ ಎಸ್‌ಎಸ್‌ಎಚ್ ಪ್ರೋಗ್ರಾಂ ಅನ್ನೇ ಕರೆಯುವುದನ್ನು ಸೋಮಾರಿತನ ಎನ್ನುವವರಿದ್ದಾರೆ. ನಮ್ಮ ಲೆಕ್ಕದಲ್ಲಿ ಹೆಚ್ಚಿನ ತಂಡಗಳಿಗೆ ಇದೇ ಸರಿಯಾದ ದಾರಿ. ನಿಮ್ಮ ಪ್ರೋಗ್ರಾಂ ಹೋಸ್ಟ್ ಪಟ್ಟಿ, ಹುಡುಕಾಟ, ಹೆಸರುಗಳನ್ನು ನೋಡಿಕೊಳ್ಳುತ್ತದೆ. ಸಂಪರ್ಕದ ಹೊತ್ತಿಗೆ ಎಕ್ಸೆಕ್ ಕರೆಯಿಂದ ತನ್ನ ಜಾಗವನ್ನೇ ಎಸ್‌ಎಸ್‌ಎಚ್‌ಗೆ ಬಿಟ್ಟುಕೊಡುತ್ತದೆ. ವಿಂಡೋ ಅಳತೆ, ಕಂಟ್ರೋಲ್-ಸಿ, ಹೋಸ್ಟ್ ಕೀ, ಏಜೆಂಟ್ (ಬಳಕೆದಾರರ ಕೀಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಪ್ರೋಗ್ರಾಂ), ಜಂಪ್ ಎಲ್ಲವೂ ಮೊದಲ ದಿನದಿಂದಲೇ ಕೆಲಸ ಮಾಡುತ್ತವೆ. ದೊಡ್ಡ ಜಿ (-G) ಆಯ್ಕೆ ಕೊಟ್ಟರೆ ಆ ಹೋಸ್ಟ್‌ಗೆ ಕೊನೆಗೆ ಅನ್ವಯವಾಗುವ ಸೆಟ್ಟಿಂಗ್‌ಗಳನ್ನೆಲ್ಲ ಅದು ಮುದ್ರಿಸುತ್ತದೆ, ಆದ್ದರಿಂದ ಕಾನ್ಫಿಗ್ ಕಡತವನ್ನು ನೀವೇ ಪಾರ್ಸ್ ಮಾಡಬೇಕಿಲ್ಲ.

ಎಡವಿ ಬೀಳುವ ಗುಂಡಿಗಳು ಬೇರೆ ಕಡೆ ಇವೆ. ಹೋಸ್ಟ್ ಹೆಸರು ಅಡ್ಡಗೆರೆಯಿಂದ ಶುರುವಾದರೆ ಎಸ್‌ಎಸ್‌ಎಚ್ ಅದನ್ನು ಆಯ್ಕೆ ಎಂದು ಓದುತ್ತದೆ. ಪ್ರಾಕ್ಸಿಕಮಾಂಡ್ ಎಂಬ ಆಯ್ಕೆ ತುರುಕಿ ಸ್ಥಳೀಯ ಯಂತ್ರದಲ್ಲಿ ಆಜ್ಞೆ ಓಡಿಸಲು ಅಷ್ಟು ಸಾಕು. 2017ರಲ್ಲಿ ಗಿಟ್ ಸಿಕ್ಕಿಬಿದ್ದದ್ದು ಇದೇ ಬಲೆಗೆ. ಹೆಸರಿಗೆ ಮುಂಚೆ ಎರಡು ಅಡ್ಡಗೆರೆ ಇಡಿ, ಹೆಸರನ್ನೂ ಪರಿಶೀಲಿಸಿ. ದೂರದ ಆಜ್ಞೆಯನ್ನು ಎಷ್ಟು ತುಂಡಾಗಿ ಕೊಟ್ಟರೂ ಎಸ್‌ಎಸ್‌ಎಚ್ ಅವನ್ನು ಖಾಲಿ ಜಾಗದಿಂದ ಜೋಡಿಸಿ ಒಂದೇ ಸಾಲಾಗಿ ಆ ಕಡೆಯ ಶೆಲ್‌ಗೆ ಒಪ್ಪಿಸುತ್ತದೆ, ಹಾಗಾಗಿ ಉದ್ಧರಣ ಚಿಹ್ನೆಗಳ ಹೊಣೆ ನಿಮ್ಮದೇ. ನಿರ್ಗಮನ ಸಂಖ್ಯೆ 255 ಬಂದರೆ ಸಂಪರ್ಕ ಸೋತಿತೋ, ದೂರದ ಆಜ್ಞೆಯೇ 255 ಕೊಟ್ಟಿತೋ ತಿಳಿಯುವುದಿಲ್ಲ. ಒಂದೇ ಸಂಪರ್ಕವನ್ನು ಹಂಚಿಕೊಳ್ಳಲು ಕಂಟ್ರೋಲ್‌ಮಾಸ್ಟರ್ ಬಳಸುವಿರಾದರೆ ಸಾಕೆಟ್ ಕಡತದ ಹಾದಿ ಚಿಕ್ಕದಿರಲಿ: ಲಿನಕ್ಸ್‌ನಲ್ಲಿ ಮಿತಿ 108 ಬೈಟ್, ಮ್ಯಾಕ್‌ನಲ್ಲಿ 104. ಉದ್ದದ ಹೋಸ್ಟ್ ಹೆಸರು ಸೇರಿದರೆ ಮಿತಿ ದಾಟುತ್ತದೆ. ಹಾದಿಯಲ್ಲಿ ಶೇಕಡಾ ಚಿಹ್ನೆಯ ನಂತರ ದೊಡ್ಡ ಸಿ (%C) ಬರೆದರೆ ಹೆಸರಿನ ಬದಲು ಹ್ಯಾಶ್ ಬರುತ್ತದೆ. ವಿಂಡೋಸ್‌ನ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಈ ಹಂಚಿಕೆಯೇ ಇಲ್ಲ.

ಗೋ: ಒಂದೇ ಕಡತದಲ್ಲಿ ಹಂಚಬೇಕಿದ್ದರೆ

ಎಲ್ಲಿಗೆ ಬೇಕಾದರೂ ನಕಲಿಸಬಲ್ಲ ಒಂದೇ ಬೈನರಿ ಬೇಕಿದ್ದರೆ ಗೋ ಭಾಷೆಯ ಕ್ರಿಪ್ಟೋ ಎಸ್‌ಎಸ್‌ಎಚ್ ಪ್ಯಾಕೇಜ್‌ಗೆ ಸಾಟಿಯಿಲ್ಲ. ಸಿ ಲೈಬ್ರರಿಯ ಹಂಗಿಲ್ಲ. ಜಂಪ್ ಹೋಸ್ಟ್ ಅಂತೂ ಬಲು ಸಲೀಸು: ಮೊದಲ ಕ್ಲೈಂಟ್‌ನ ಡಯಲ್ ಕರೆದರೆ ಗುರಿ ಯಂತ್ರಕ್ಕೆ ಒಂದು ಸಾಮಾನ್ಯ ಕನೆಕ್ಷನ್ ಸಿಗುತ್ತದೆ, ಅದರ ಮೇಲೆ ಇನ್ನೊಂದು ಎಸ್‌ಎಸ್‌ಎಚ್ ಸಂಪರ್ಕ ಕಟ್ಟಿದರೆ ಮುಗಿಯಿತು.

ಎಡವುವ ಜಾಗಗಳು ಮಾತ್ರ ಮೊದಲ ವಾರದಲ್ಲೇ ಎದುರಾಗುತ್ತವೆ. ಪಾಸ್‌ವರ್ಡ್, ಪಬ್ಲಿಕ್ ಕೀ ಇತ್ಯಾದಿ ದೃಢೀಕರಣ ವಿಧಾನಗಳಲ್ಲಿ ಒಂದೊಂದು ಬಗೆಯಲ್ಲೂ ಪಟ್ಟಿಯ ಮೊದಲನೆಯದನ್ನು ಮಾತ್ರ ಈ ಪ್ಯಾಕೇಜ್ ಬಳಸುತ್ತದೆ. ಏಜೆಂಟ್‌ನ ಕೀಗಳಿಗೆ ಒಂದು, ಕಡತದ ಕೀಗೆ ಇನ್ನೊಂದು ಎಂದು ಎರಡು ಪಬ್ಲಿಕ್ ಕೀ ವಿಧಾನ ಕೊಟ್ಟರೆ ಎರಡನೆಯದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕೀಗಳಿಂದ ಸಹಿ ಹಾಕುವ ಎಲ್ಲ ಸೈನರ್‌ಗಳನ್ನೂ ಒಂದೇ ಕಾಲ್‌ಬ್ಯಾಕ್‌ನಿಂದ ಹಿಂತಿರುಗಿಸಬೇಕು. ಹಾಗೆಂದು ಹತ್ತು ಕೀ ಸುರಿದರೆ ಸರ್ವರ್ ಬಾಗಿಲು ಮುಚ್ಚುತ್ತದೆ; ಓಪನ್‌ಎಸ್‌ಎಸ್‌ಎಚ್ ಸರ್ವರ್ ಡೀಫಾಲ್ಟ್ ಆಗಿ ಒಂದು ಸಂಪರ್ಕಕ್ಕೆ ಕೊಡುವುದು 6 ಪ್ರಯತ್ನ ಮಾತ್ರ.

ಹೋಸ್ಟ್ ಕೀ ಕಾಲ್‌ಬ್ಯಾಕ್ ಕೊಡದಿದ್ದರೆ ಗೋ ಸಂಪರ್ಕವನ್ನೇ ನಿರಾಕರಿಸುತ್ತದೆ, ಒಳ್ಳೆಯದೇ. ಆದರೆ ಜೊತೆಗಿರುವ, ಪರಿಚಿತ ಹೋಸ್ಟ್ ಕೀಗಳ ಕಡತ ಓದುವ ನೋನ್‌ಹೋಸ್ಟ್ಸ್ ಪ್ಯಾಕೇಜ್ ಹಚ್ಚಿದ ಮೇಲೂ ಕೆಲವು ಸರ್ವರ್‌ಗಳಲ್ಲಿ "ಕೀ ಹೊಂದುತ್ತಿಲ್ಲ" ಎಂಬ ದೋಷ ಬರುತ್ತದೆ, ಅಲ್ಲಿ ಯಾರೂ ಏನನ್ನೂ ಬದಲಿಸಿರುವುದಿಲ್ಲ. ಕಾರಣ ಇಷ್ಟೇ: ಕಡತದಲ್ಲಿ ದಾಖಲಾಗಿರುವುದು ಇಡಿ25519 ಕೀ, ಮಾತುಕತೆಯಲ್ಲಿ ಆಯ್ಕೆಯಾದದ್ದು ಇಸಿಡಿಎಸ್‌ಎ ಕೀ. ದಾಖಲಾದ ಬಗೆಗಳನ್ನು ಮೊದಲೇ ಓದಿ ಹೋಸ್ಟ್‌ಕೀಅಲ್ಗಾರಿದಮ್ಸ್ ಪಟ್ಟಿಗೆ ತುಂಬಿದರೆ ಇದು ಹೋಗುತ್ತದೆ. ಈ ದೋಷಕ್ಕೆ ಬೇಸತ್ತು ಪರಿಶೀಲನೆಯನ್ನೇ ಆಫ್ ಮಾಡುವ ಫಂಕ್ಷನ್ ಹಾಕುವವರೇ ಹೆಚ್ಚು. ಆಮೇಲೆ ನಡುವೆ ಕೂತವರು ಯಾರಾದರೂ ಆಗಬಹುದು. ದೋಷದ ವಾಂಟ್ ಪಟ್ಟಿ (ಆ ಹೋಸ್ಟ್‌ಗೆ ದಾಖಲಾಗಿರುವ ಕೀಗಳು) ಖಾಲಿಯಿದ್ದರೆ ಹೊಸ ಹೋಸ್ಟ್, ಬಳಕೆದಾರರನ್ನು ಕೇಳಿ. ಖಾಲಿಯಿಲ್ಲದಿದ್ದರೆ ಕೇಳಬೇಡಿ, ನಿಲ್ಲಿಸಿ.

ಟೈಮ್‌ಔಟ್ ಸೆಟ್ಟಿಂಗ್ ಟಿಸಿಪಿ ಸಂಪರ್ಕಕ್ಕಷ್ಟೇ ಅನ್ವಯಿಸುತ್ತದೆ. ಪೋರ್ಟ್ ತೆರೆದಿದ್ದು ಸರ್ವರ್ ಮಾತಾಡದಿದ್ದರೆ ಹ್ಯಾಂಡ್‌ಶೇಕ್ (ಆರಂಭದ ಎಸ್‌ಎಸ್‌ಎಚ್ ಮಾತುಕತೆ) ಕಾಯುತ್ತಲೇ ಕೂರುತ್ತದೆ. ಕನೆಕ್ಷನ್ ಅನ್ನು ನೀವೇ ತೆರೆದು, ಡೆಡ್‌ಲೈನ್ ಹಾಕಿ, ಹ್ಯಾಂಡ್‌ಶೇಕ್ ಆದ ಮೇಲೆ ತೆಗೆಯಿರಿ.

ಸಿ ಭಾಷೆಯ ಎರಡು

ಲಿಬ್‌ಎಸ್‌ಎಸ್‌ಎಚ್2 ಎಂಬುದು ಲಿಬ್‌ಎಸ್‌ಎಸ್‌ಎಚ್‌ನ ಎರಡನೇ ಆವೃತ್ತಿಯಲ್ಲ. ಎರಡೂ ಬೇರೆ ಬೇರೆ ಯೋಜನೆಗಳು, ಫಂಕ್ಷನ್‌ಗಳೂ ಬೇರೆ. ಲಿಬ್‌ಎಸ್‌ಎಸ್‌ಎಚ್2 ಕ್ಲೈಂಟ್ ಮಾತ್ರ, ಬಿಎಸ್‌ಡಿ ಪರವಾನಗಿ; ಲಿಬ್‌ಎಸ್‌ಎಸ್‌ಎಚ್‌ನಲ್ಲಿ ಸರ್ವರ್ ಭಾಗವೂ ಇದೆ, ಪರವಾನಗಿ ಎಲ್‌ಜಿಪಿಎಲ್.

ಇಂಟರ್‌ಆಕ್ಟಿವ್ ಟರ್ಮಿನಲ್‌ಗೆ ಲಿಬ್‌ಎಸ್‌ಎಸ್‌ಎಚ್ ಹಗುರ. ಓಪನ್‌ಎಸ್‌ಎಸ್‌ಎಚ್‌ನ ಕಾನ್ಫಿಗ್ ಕಡತವನ್ನು ಅದೇ ಓದುತ್ತದೆ, ಹೋಸ್ಟ್ ಕೀ ಪರಿಶೀಲನೆಗೆ ಒಂದೇ ಕರೆ ಸಾಕು: ಗೊತ್ತಿದೆ, ಬದಲಾಗಿದೆ, ಬೇರೆ ಬಗೆಯ ಕೀ ಇದೆ, ಸಿಗಲಿಲ್ಲ ಎಂದು ಬಿಡಿಸಿ ಹೇಳುತ್ತದೆ. ಕೀಲಿಮಣೆಯನ್ನೂ ಚಾನೆಲ್ ಅನ್ನೂ ಬೆಸೆಯಲು ಅದರಲ್ಲೇ ಕನೆಕ್ಟರ್ ಇದೆ. ಲಿಬ್‌ಎಸ್‌ಎಸ್‌ಎಚ್2ನಲ್ಲಿ ಇದೆಲ್ಲ ಕೈಕೆಲಸ. ಕಾಯದೆ ಮರಳುವ ನಾನ್‌ಬ್ಲಾಕಿಂಗ್ ರೀತಿಯಲ್ಲಿ ಬಹುತೇಕ ಕರೆಗಳು -37, ಅಂದರೆ "ಮತ್ತೆ ಬಾ" ಎಂಬ ಉತ್ತರ ಕೊಡಬಹುದು. ಆಗ ಅದೇ ಕರೆಯನ್ನು ಅದೇ ಆರ್ಗ್ಯುಮೆಂಟ್‌ಗಳೊಂದಿಗೆ ಪುನಃ ಮಾಡಬೇಕು. ಬರೆಯುವ ಬಫರನ್ನು ಮಧ್ಯೆ ಬದಲಿಸಿದರೆ ಪ್ಯಾಕೆಟ್ ಕೆಡುತ್ತದೆ. ಓದಲು ಕಾಯಬೇಕೋ ಬರೆಯಲು ಕಾಯಬೇಕೋ ಎಂಬುದನ್ನು ಬ್ಲಾಕ್ ಡೈರೆಕ್ಷನ್ಸ್ ಕರೆಯಿಂದ ತಿಳಿದುಕೊಳ್ಳಿ, ಊಹಿಸಬೇಡಿ. 22 ಬಿಟ್ಟು ಬೇರೆ ಪೋರ್ಟ್ ಇದ್ದರೆ ಹೋಸ್ಟ್ ಕೀಯನ್ನು ಪೋರ್ಟ್ ಸಂಖ್ಯೆ ಸಮೇತ ಹುಡುಕುವ ಫಂಕ್ಷನ್ ಬೇಕು, ಏಕೆಂದರೆ ಕಡತದಲ್ಲಿ ಆ ಹೆಸರು ಚೌಕ ಆವರಣದಲ್ಲಿ ಪೋರ್ಟ್‌ನೊಂದಿಗೆ ಇರುತ್ತದೆ.

ಪ್ಯಾರಾಮಿಕೊ

ಪೈಥಾನ್‌ನ ಪ್ಯಾರಾಮಿಕೊ ಹತ್ತಾರು ಯಂತ್ರಗಳಲ್ಲಿ ಆಜ್ಞೆ ಓಡಿಸಲು ಚಂದ, ಟರ್ಮಿನಲ್‌ಗೆ ಅಷ್ಟಕ್ಕಷ್ಟೆ. ಇನ್ವೋಕ್ ಶೆಲ್ ಕರೆಗೆ ಏನೂ ಹೇಳದಿದ್ದರೆ ಟರ್ಮಿನಲ್ ವಿಟಿ100, ಅಳತೆ 80 ಕಾಲಂ 24 ಸಾಲು. ಬಣ್ಣ ಬರುತ್ತಿಲ್ಲ, ಸಾಲು ಅರ್ಧಕ್ಕೇ ಮುರಿಯುತ್ತಿದೆ ಎಂಬ ದೂರುಗಳ ಬೇರು ಇಲ್ಲಿದೆ. ಬಾಣದ ಕೀ ಒತ್ತಿದರೆ ಮುಂದಿನ ಕೀ ಒತ್ತುವವರೆಗೆ ಏನೂ ಆಗದಿರುವುದು ಇನ್ನೊಂದು. ಬಾಣದ ಕೀ ಮೂರು ಬೈಟ್. ಎಸ್‌ಟಿಡಿಇನ್‌ನಿಂದ (ಕೀಲಿಮಣೆಯ ಇನ್‌ಪುಟ್) ಒಂದೊಂದೇ ಅಕ್ಷರ ಓದಿದರೆ ಉಳಿದೆರಡು ಪೈಥಾನ್‌ನ ಬಫರ್‌ನಲ್ಲಿ ಕೂರುತ್ತವೆ, ಓದಲು ಏನಾದರೂ ಬಂದಿದೆಯೇ ಎಂದು ಕಾಯುವ ಸೆಲೆಕ್ಟ್‌ಗೆ ಅವು ಕಾಣುವುದಿಲ್ಲ. ಓಎಸ್ ಮಾಡ್ಯೂಲ್‌ನ ರೀಡ್‌ನಿಂದ ನೇರವಾಗಿ 1024 ಬೈಟ್‌ವರೆಗೆ ಓದಿ. ವಿಂಡೋಸ್‌ನಲ್ಲಿ ಸೆಲೆಕ್ಟ್ ಸಾಕೆಟ್‌ಗಳಿಗೆ ಮಾತ್ರ, ಅಲ್ಲಿ ಕೀಲಿಮಣೆಗೆ ಬೇರೆ ಥ್ರೆಡ್ ಬೇಕು. ಅಪರಿಚಿತ ಹೋಸ್ಟ್ ಕೀಯನ್ನು ತಿರಸ್ಕರಿಸುವುದೇ ಇದರ ಡೀಫಾಲ್ಟ್. ಜಾಲದಲ್ಲಿ ನಕಲಾಗುತ್ತಿರುವ ಉದಾಹರಣೆಗಳು ಮಾತ್ರ ಅಪರಿಚಿತ ಕೀಯನ್ನು ಕೇಳದೆ ಒಪ್ಪುವ ಆಟೋಆಡ್ ನೀತಿಯನ್ನು ಮೊದಲ ಸಾಲಿನಲ್ಲೇ ತುರುಕಿರುತ್ತವೆ. ಅಳಿಸಿ.

ಯಾವುದೇ ಲೈಬ್ರರಿ ಆದರೂ ನೀವೇ ಮಾಡಬೇಕಾದ್ದು

ಲೈಬ್ರರಿ ಬಳಸುವಾಗ ಸ್ಥಳೀಯ ಟರ್ಮಿನಲ್ ಅನ್ನು ರಾ ಮೋಡ್‌ಗೆ (ಒತ್ತಿದ ಕೀಗಳನ್ನು ಹಾಗೆಯೇ ದಾಟಿಸುವ ಸ್ಥಿತಿ) ಹಾಕುವುದು ನಿಮ್ಮ ಕೆಲಸ. ಆಗ ಕಂಟ್ರೋಲ್-ಸಿ ಸಿಗ್ನಲ್ ಆಗದೆ 3 ಎಂಬ ಬೈಟ್ ಆಗಿ ಆ ಕಡೆ ಹೋಗುತ್ತದೆ. ಹೊರಬರುವಾಗ ಹಳೆಯ ಸ್ಥಿತಿ ಮರಳಿಸದಿದ್ದರೆ ಟೈಪ್ ಮಾಡಿದ್ದು ಕಾಣುವುದಿಲ್ಲ, ಸಾಲುಗಳು ಮೆಟ್ಟಿಲಿನಂತೆ ಜಾರುತ್ತವೆ. ಗೋದಲ್ಲಿ ಫಂಕ್ಷನ್ ಮುಗಿಯುವಾಗ ಓಡುವ ಡಿಫರ್ ಬರೆದಿದ್ದೇವಲ್ಲ ಎಂದು ನಿಶ್ಚಿಂತರಾಗಬೇಡಿ: ಓಎಸ್ ಎಕ್ಸಿಟ್ ಅಥವಾ ಲಾಗ್ ಫೇಟಲ್ ಕರೆದರೆ ಡಿಫರ್ ಓಡುವುದೇ ಇಲ್ಲ. ಕೆಟ್ಟ ಟರ್ಮಿನಲ್‌ಗೆ "ಎಸ್‌ಟಿಟಿವೈ ಸೇನ್" (stty sane) ಆಜ್ಞೆಯೇ ಮದ್ದು.

ವಿಂಡೋ ಅಳತೆ ಬದಲಾದಾಗ ಸಿಗ್‌ವಿಂಚ್ ಎಂಬ ಸಿಗ್ನಲ್ ಹಿಡಿದು ಹೊಸ ಅಳತೆ ಕಳಿಸಬೇಕು. ಇಲ್ಲೊಂದು ಕೀಟಲೆ ಇದೆ. ಗೋದ ಪಿಟಿವೈ (ದೂರದ ಕಡೆಯ ಟರ್ಮಿನಲ್) ಕೋರಿಕೆಯೂ ವಿಂಡೋಚೇಂಜ್ ಕರೆಯೂ ಮೊದಲು ಎತ್ತರ, ಆಮೇಲೆ ಅಗಲ ಕೇಳುತ್ತವೆ. ಅದೇ ಗೋದ ಅಳತೆ ಓದುವ ಫಂಕ್ಷನ್ ಮೊದಲು ಅಗಲ ಕೊಡುತ್ತದೆ. ಸಿ ಲೈಬ್ರರಿಗಳೆರಡಕ್ಕೂ ಪ್ಯಾರಾಮಿಕೊಗೂ ಅಗಲವೇ ಮೊದಲು. ಅದಲುಬದಲಾದರೆ ದೋಷ ಬರುವುದಿಲ್ಲ, ವಿಮ್ ಮಾತ್ರ ವಿಚಿತ್ರ ಆಕಾರ ತಾಳುತ್ತದೆ. ವಿಂಡೋಸ್‌ನಲ್ಲಿ ಈ ಸಿಗ್ನಲ್ ಇಲ್ಲದ್ದರಿಂದ ಆಗಾಗ ಅಳತೆ ಕೇಳಿ ನೋಡಬೇಕು.

ಕೇಬಲ್ ಕಿತ್ತ ಪರೀಕ್ಷೆಯಲ್ಲಿ ಡೀಫಾಲ್ಟ್ ಸ್ಥಿತಿಯಲ್ಲಿ ಐದೂ ಸುಮ್ಮನೆ ನಿಂತವು. ಓಪನ್‌ಎಸ್‌ಎಸ್‌ಎಚ್‌ನಲ್ಲೂ ಸರ್ವರ್‌ಅಲೈವ್‌ಇಂಟರ್ವಲ್‌ನ ಡೀಫಾಲ್ಟ್ 0, ಅಂದರೆ ತಪಾಸಣೆಯೇ ಇಲ್ಲ. 15 ಸೆಕೆಂಡ್ ಕೊಟ್ಟರೆ, ಉತ್ತರವಿಲ್ಲದ 3 ವಿಚಾರಣೆಗಳ ನಂತರ, ಸುಮಾರು 45 ಸೆಕೆಂಡಿಗೆ ಕೈಬಿಡುತ್ತದೆ. ಗೋದಲ್ಲಿ ಉತ್ತರ ಬೇಡುವ ಕೀಪ್‌ಅಲೈವ್ ಕೋರಿಕೆಯನ್ನು ನೀವೇ ಕಳಿಸಬೇಕು. ಸತ್ತ ಸಂಪರ್ಕದಲ್ಲಿ ಆ ಕರೆಯೇ ಸಿಕ್ಕಿಕೊಳ್ಳುವುದರಿಂದ ಅದನ್ನು ಬೇರೆ ಗೊರೂಟೀನ್‌ನಲ್ಲಿಟ್ಟು (ಗೋದ ಹಗುರ ಥ್ರೆಡ್), ಟೈಮರ್ ಮುಗಿದೊಡನೆ ಕನೆಕ್ಷನ್ ಮುಚ್ಚಿ.

ಹಳೆಯ ರೌಟರ್‌ಗಳಿಗೆ ಸಂಪರ್ಕಿಸುವ ಅಗತ್ಯವಿದ್ದರೆ ಇನ್ನೊಂದು ಮಾತು. 2021ರ ಓಪನ್‌ಎಸ್‌ಎಸ್‌ಎಚ್ 8.8ರಿಂದ ಎಸ್‌ಎಚ್‌ಎ-1 ಬಳಸುವ ಆರ್‌ಎಸ್‌ಎ ಸಹಿ ಡೀಫಾಲ್ಟ್ ಆಗಿ ಬಂದ್. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅಲ್ಗಾರಿದಮ್ ಹೆಸರಿಗೆ ಮುಂಚೆ ಕೂಡಿಸುವ ಚಿಹ್ನೆ (+) ಇಟ್ಟರೆ ಅದು ಪಟ್ಟಿಗೆ ಸೇರಿಕೊಳ್ಳುತ್ತದೆ. ಗೋದಲ್ಲಿ ನೀವು ಬರೆದ ಪಟ್ಟಿ ಡೀಫಾಲ್ಟ್ ಅನ್ನೇ ಅಳಿಸಿ ಕೂರುತ್ತದೆ. ಒಂದು ಹಳೆಯ ಹೆಸರನ್ನಷ್ಟೇ ಬರೆದರೆ ರೌಟರ್ ತೆರೆದುಕೊಳ್ಳುತ್ತದೆ, ಹೊಸ ಸರ್ವರ್‌ಗಳೆಲ್ಲ ಮುಚ್ಚಿಕೊಳ್ಳುತ್ತವೆ. ಹಳೆಯದನ್ನು ಆ ಹೋಸ್ಟ್‌ಗೆ ಮಾತ್ರ, ಪೂರ್ಣ ಪಟ್ಟಿಯ ಕೊನೆಯಲ್ಲಿ ಸೇರಿಸಿ.