ಶಾಲೆಗೊಂದು ಮಾತು, ಮನೆಗೊಂದು ಮಾತು

ಪರೀಕ್ಷೆ ಮುಗಿದ ಮೇಲೆ ಅಕ್ಕನ ಮಗಳು ಸುಮ್ನೆ ಮೊಬೈಲ್ ತಿಕ್ಕುತ್ತಾ ಕೂತಿದ್ದಳು ಅಂತ ಆಂಜಿ ಥಾಮಸ್ ಬರೆದ 'ದಿ ಹೇಟ್ ಯು ಗಿವ್' ತರಿಸಿದೆ. ದಾವಣಗೆರೆಯಲ್ಲಿ ಕೇಳಿದ ಎರಡು ಅಂಗಡಿಗಳಲ್ಲೂ ಗೈಡು, ಹಳೇ ಪ್ರಶ್ನೆಪತ್ರಿಕೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಆನ್‌ಲೈನಲ್ಲಿ ಬಂತು, ಮೂಲೆ ಮಡಚಿಕೊಂಡು. ಅವಳಿಗೆ ಅಂತ ತರಿಸಿದ್ದು, ಮೊದಲು ಓದಿ ಮುಗಿಸಿದ್ದು ನಾನೇ!

2017ರ ಕಾದಂಬರಿ, ಅಮೆರಿಕದ ಕಥೆ. ಸ್ಟಾರ್ ಕಾರ್ಟರ್‌ಗೆ 16 ವರ್ಷ. ಮನೆ ಇರುವುದು ಕಪ್ಪು ಜನರ ಬಡ ಏರಿಯಾದಲ್ಲಿ, ಓದುವುದು ಬಿಳಿಯರೇ ತುಂಬಿರುವ ದುಬಾರಿ ಶಾಲೆಯಲ್ಲಿ. ಒಂದು ರಾತ್ರಿ ಬಾಲ್ಯದ ಗೆಳೆಯ ಖಲೀಲ್ ಜೊತೆ ಕಾರಲ್ಲಿ ಬರುವಾಗ ಪೊಲೀಸ್ ತಡೆದು ಅವನಿಗೆ ಗುಂಡು ಹಾರಿಸುತ್ತಾನೆ. ಪಿಸ್ತೂಲು ಅಂದುಕೊಂಡಿದ್ದು ತಲೆ ಬಾಚುವ ಬ್ರಷ್. ಕಣ್ಣಾರೆ ನೋಡಿದವಳು ಇವಳೊಬ್ಬಳೇ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಶಾಲೆಯ ಭಾಗ. ಅಲ್ಲಿ ಸ್ಟಾರ್ ತನ್ನ ಏರಿಯಾದ ಮಾತು ಆಡುವುದೇ ಇಲ್ಲ, ಸಿಟ್ಟು ಬಂದರೂ ನುಂಗಿಕೊಳ್ಳುತ್ತಾಳೆ, ಯಾರೂ ಬೆರಳು ತೋರಿಸಬಾರದು ಅಂತ. ನಮ್ಮ ಹುಡುಗಿಯೂ ಹಾಗೇ, ಮನೆಯಲ್ಲಿ 'ಎಲ್ಲಿಗ್ ಹೊಂಟಿ' ಅನ್ನುವವಳು ಬೆಂಗಳೂರಿನ ಗೆಳತಿಯ ಫೋನ್ ಬಂದರೆ ಬೇರೆ ಯಾರೋ ಆಗಿಬಿಡುತ್ತಾಳೆ. ಇದೂ ಅದೂ ಒಂದೇ ಅಲ್ಲ, ಗೊತ್ತು. ಅಲ್ಲಿರುವುದು ಜೀವದ ಪ್ರಶ್ನೆ. ಆದರೂ ಬಾಡಿಗೆ ಮನೆ ಕೇಳಲು ಹೋದಾಗ 'ನೀವು ಯಾವ ಪೈಕಿ?' ಅಂದ ಓನರ್ ಮುಂದೆ ಬಾಯಿ ಬಿಡದೆ ಮೆಟ್ಟಿಲಿಳಿದು ಬಂದವಳು ನಾನು, ಸ್ಟಾರ್ ಸುಮ್ಮನೆ ಕೂತ ಪುಟಗಳು ಚುಚ್ಚದೇ ಇರುತ್ತವಾ?

ಹೈಲಿ ಅಂತ ಬಿಳಿ ಗೆಳತಿ ಒಬ್ಬಳಿದ್ದಾಳೆ. ಬ್ಯಾಸ್ಕೆಟ್‌ಬಾಲ್ ಆಡುವಾಗ, ಚೆಂಡನ್ನು ಫ್ರೈಡ್ ಚಿಕನ್ ಅಂದುಕೊಂಡು ಹಿಡಿ ಅನ್ನುತ್ತಾಳೆ, ಅಮೆರಿಕದಲ್ಲಿ ಅದು ಕಪ್ಪು ಜನರನ್ನು ಹೀಯಾಳಿಸುವ ಹಳೇ ಮಾತು. ಕೇಳಿದರೆ ತನ್ನದೇನೂ ತಪ್ಪಿಲ್ಲ ಅಂತ ವಾದ. ಗುಂಡಿಗಿಂತ ಈ ಥರದ ಮಾತನ್ನು ಎದುರಿಸುವುದೇ ಸ್ಟಾರ್‌ಗೆ ಕಷ್ಟವೇನೋ ಅನ್ನಿಸಿತು. ಧೈರ್ಯವೂ ಒಂದೇ ಏಟಿಗೆ ಬರಲ್ಲ. ಮೊದಲು ಮುಖ ತೋರಿಸದೇ ಟಿವಿಗೆ ಮಾತಾಡುತ್ತಾಳೆ, ಆಮೇಲೆ ಪೊಲೀಸನ ಮೇಲೆ ಕೇಸು ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವ ಜ್ಯೂರಿ ಮುಂದೆ ಸಾಕ್ಷಿ. ಕೊನೆಯದು ನಾನು ಹೇಳಲ್ಲ.

ಕೊರತೆ ಇಲ್ಲ ಅಂತಲ್ಲ. ನಾನೂರಕ್ಕೂ ಜಾಸ್ತಿ ಪುಟ, ಮಧ್ಯೆ ಗ್ಯಾಂಗ್ ಗಲಾಟೆ ಸ್ವಲ್ಪ ಎಳೆಯುತ್ತದೆ. ಬೀದಿ ಇಂಗ್ಲಿಷು, ಶೂ ಹುಚ್ಚು, ರ್‍ಯಾಪ್ ಹಾಡುಗಾರರ ಹೆಸರು, ಇವೆಲ್ಲ ಶುರುವಿನಲ್ಲಿ ತಲೆಗೆ ಹತ್ತಲ್ಲ. ಬೈಗುಳವೂ ಧಾರಾಳ, ಒಂಬತ್ತನೇ ಕ್ಲಾಸಿಗಿಂತ ಚಿಕ್ಕವರಿಗೆ ಬೇಡ.

ಅಕ್ಕನ ಮಗಳು ಮೂರೇ ದಿನಕ್ಕೆ ಮುಗಿಸಿ, 'ಚಿಕ್ಕಮ್ಮ, ಹೈಲಿ ನಮ್ಮ ಕ್ಲಾಸಲ್ಲೂ ಇದ್ದಾಳೆ' ಅಂದಳು. ಹೆಸರು ಹೇಳಲಿಲ್ಲ. ಪುಸ್ತಕ ಈಗ ವಿದ್ಯಾನಗರದ ಅವಳ ಗೆಳತಿಯ ಮನೆಯಲ್ಲಿದೆ, ಯಾವಾಗ ವಾಪಸ್ ಬರುತ್ತೋ!